ಅಂಜೂರ ಶುರುವಾಗುವ ಜಾಗ

ಗ್ಯುಮ್ರಿಯ ಬಸ್‌ಸ್ಟ್ಯಾಂಡಿನ ಹಿಂದೆ
ತಗಡಿನ ಡಬ್ಬಿಯಲ್ಲಿ ನನ್ನ ಹೊಲಿಗೆಯಂಗಡಿ.
ಭೂಕಂಪದ ವರ್ಷ ಕೊಟ್ಟದ್ದು, ತಾತ್ಕಾಲಿಕ ಅಂದಿದ್ದರು.
ಆ ತಾತ್ಕಾಲಿಕಕ್ಕೆ ತುಕ್ಕು ಹಿಡಿದು
ನಾನೇ ನಾಲ್ಕು ಸಲ ಬಣ್ಣ ಬಳಿದಿದ್ದೇನೆ.

ಎರಡು ಬೇಸಿಗೆ ಹಿಂದೆ ಯಾವನೋ ಪರದೇಶಿ ಹುಡುಗ
ಬೆನ್ನಿನ ಚೀಲ ಬಿಚ್ಚಿಟ್ಟು 'ನಾಳೆ' ಅಂದ,
ನಮ್ಮ ಭಾಷೆಯಲ್ಲಿ ಅವನಿಗೆ ಬರುತ್ತಿದ್ದದ್ದು ಅದೊಂದೇ ಮಾತು.
ಹೊಸ ಜಿಪ್ಪು ಹಾಕಿದೆ, ಪಟ್ಟಿಗೆ ಎರಡು ಸಾಲು ಹೊಲಿಗೆ.
ಆಮೇಲೆ ಅವನು ಬರಲಿಲ್ಲ.
ಮೊಳೆಗೆ ನೇತುಬಿದ್ದ ಚೀಲ
ಬಾಕಿ ಕೇಳಲು ಬಂದ ಗಿರಾಕಿಯ ಹಾಗೆ
ದಿನವಿಡೀ ನನ್ನ ಬೆನ್ನನ್ನೇ ನೋಡುತ್ತದೆ.

ಮೇಘ್ರಿಗೆ ಹೋಗಬೇಕು.
ದೇಶ ಮುಗಿಯುವ ಕಡೆ, ಹೊಳೆಯಾಚೆ ಇರಾನು.
ಎರಡು ವ್ಯಾನು ಬದಲಿಸಿದರೆ ಒಂದೇ ದಿನದ ದಾರಿ:
ಬೆಳಿಗ್ಗೆ ಹಲ್ಲು ಕಟಕಟಿಸುತ್ತಾ ಹತ್ತಿದವಳು
ರಾತ್ರಿ ದಾಳಿಂಬೆ ಗಿಡದ ಪಕ್ಕ ಇಳಿಯಬಹುದು.
ಹಾಗೆ ಹೋದರೆ
ಚಳಿ ನನ್ನನ್ನು ಎಲ್ಲಿ ಬಿಟ್ಟಿತು ಅಂತ ಗೊತ್ತಾಗುವುದಿಲ್ಲ.
ನನಗೆ ಆ ಜಾಗ ಬೇಕು.
ಮೊದಲನೆಯ ಅಂಜೂರದ ಮರ,
ಅದರ ಹಿಂದಿನ ಊರಲ್ಲಿ ಅಂಜೂರ ಇರಕೂಡದು.

'ಉತ್ತರಕ್ಕೂ ಉಂಟು ಅಂಜೂರ,
ಅಲಾವೆರ್ದಿಯಲ್ಲಿ ನನ್ನ ಅತ್ತೆಯ ಹಿತ್ತಿಲಲ್ಲೇ'
ಅಂದ ಆಲೂಗಡ್ಡೆಯ ಹ್ರಾಚ್.
ಇರಲಿ, ನನ್ನ ದಾರಿ ಅದಲ್ಲ.

ಲೆಕ್ಕ ಹೀಗೆ: ಇಪ್ಪತ್ತೊಂದು ದಿನ,
ದಿನಕ್ಕೆ ನಾಲ್ಕು ಸಾವಿರ ದ್ರಾಮ್,
ಒಂದು ಜಿಪ್ಪಿಗೆ ಸಾವಿರದೈನೂರು.
ಅಂದರೆ ಐವತ್ತಾರು ಜಿಪ್ಪು.
ಯೆರೆವಾನಿನಲ್ಲಿ ಇಳಿಯುವುದೇ ಇಲ್ಲ,
ಅಲ್ಲಿ ಕಾಫಿ ಕುಡಿದರೆ ಅರ್ಧ ಜಿಪ್ಪು ಹೋಯಿತು.
ವಾಯ್ಕಿನಲ್ಲಿ ಮೂರು ರಾತ್ರಿ; ಅತಿಥಿಗೃಹದವಳಿಗೆ ಫೋನು ಮಾಡಿದ್ದೆ.
'ಪರದೆಗಳೆಲ್ಲಾ ಹರಿದಿವೆ' ಅಂದಳು,
'ಸೂಜಿ ತರುತ್ತೇನೆ' ಅಂದೆ,
ಹಾಸಿಗೆಯ ದರ ಅಲ್ಲಿಗೇ ಇತ್ಯರ್ಥ.
ಹಾಸಿಗೆ ಇದ್ದಷ್ಟು ಕಾಲು ಚಾಚಬೇಕಂತೆ.
ಕಾಲು ಚಾಚಲಿಕ್ಕೆಂದೇ ನಾನು
ಹಾಸಿಗೆ ಕಡಿಮೆ ಮಾಡಿಕೊಂಡಿದ್ದೇನೆ.

ಚೀಲ ತುಂಬಿ ಹ್ರಾಚನ ತಕ್ಕಡಿಗಿಟ್ಟೆ.
ಹನ್ನೊಂದು ಕಿಲೋ.
'ಇಷ್ಟು ಆಲೂಗಡ್ಡೆ ಹೊತ್ತುಕೊಂಡು ಬೆಟ್ಟ ಹತ್ತುತ್ತೀಯಾ, ಸಾತೆನಿಕ್?'
ಇಸ್ತ್ರಿಪೆಟ್ಟಿಗೆ ತೆಗೆದೆ
(ಯಾಕೆ ಇಟ್ಟಿದ್ದೆನೋ, ಕೈ ತಾನೇ ಇಟ್ಟಿತ್ತು),
ಇನ್ನೊಂದು ಜೊತೆ ಬೂಟು, ಜಾಮಿನ ಜಾಡಿ,
ಯಾರಾದರೂ ಮದುವೆಗೆ ಕರೆದಾರೆಂದು ಮಡಚಿದ್ದ ರೇಷ್ಮೆ ಲಂಗ.
ಏಳು ಕಿಲೋ ಇನ್ನೂರು.
ಬೆರಳಿನ ಹಿತ್ತಾಳೆ ಟೋಪಿಯನ್ನು ತೆಗೆದು ನೋಡಿದೆ, ಹಾಕಿ ನೋಡಿದೆ,
ಮುಳ್ಳು ಅಲ್ಲಾಡಲಿಲ್ಲ.
ಅದು ಬರಲಿ.

ನ್ವಾರ್ದ್ ಬಾಗಿಲಲ್ಲಿ ನಿಂತು ಕೇಳಿದಳು:
'ಒಬ್ಬಳೇನಾ? ಯಾರು ತೀರಿಕೊಂಡರು?'
ಯಾರೂ ಇಲ್ಲ.
'ಹಾಗಾದರೆ ಯಾರನ್ನು ನೋಡಲಿಕ್ಕೆ?'
ಒಂದು ಮರವನ್ನು.
ಸುಮಾರು ಹೊತ್ತು ಸುಮ್ಮನಿದ್ದಳು. ನನ್ನ ಹಣೆ ಮುಟ್ಟಿ ನೋಡಿದಳು.
ಕೊನೆಗೆ, 'ಮೊಟ್ಟೆ ಬೇಯಿಸಿ ಕೊಡುತ್ತೇನೆ,
ಹತ್ತು ಸಾಕಾ?'

ಚೀಲದ ಒಳಜೇಬಿನಲ್ಲಿ ಆ ಹುಡುಗನ ಚೀಟಿ ಇದೆ,
ನನಗೆ ಓದಲು ಬಾರದ ಅಕ್ಷರ.
ಸಾಲು ಸಾಲಿಗೂ ಗೀಟು ಹೊಡೆದಿದ್ದಾನೆ,
ಒಂದನ್ನು ಬಿಟ್ಟು.
ಯಾರ ಹತ್ತಿರವೂ ಓದಿಸಲಿಲ್ಲ.
ಅದನ್ನೂ ಹೊತ್ತುಕೊಂಡು ಹೋಗುತ್ತೇನೆ, ಭಾರವೇನಿಲ್ಲ.
ಬಾಗಿಲಿಗೆ ಅಂಟಿಸುವ ಹಲಗೆಯನ್ನಂತೂ ಈಗಲೇ ಬರೆದಿಟ್ಟೆ:
'ನೀಲಿ ಚೀಲದವನೇ, ನಿನ್ನ ಚೀಲ ದಾರಿಯಲ್ಲಿದೆ.
ಜಿಪ್ಪು ಗಟ್ಟಿಯಾಗಿದೆ. ದುಡ್ಡು ಬೇಡ.
ನಾಳೆ ಬಾ.'

ಹೊರಡುವುದು ಸೆಪ್ಟೆಂಬರಿಗೆ, ಹಣ್ಣಿನ ಕಾಲಕ್ಕೆ.
ಈಗ ಮಾರ್ಚು. ಕಿಟಕಿಯ ಅರ್ಧದವರೆಗೂ ಹಿಮ.
ಡಬ್ಬಿಯಲ್ಲಿ ನಲವತ್ತೊಂದು ಜಿಪ್ಪಿನ ದುಡ್ಡು,
ಇನ್ನು ಹದಿನೈದು ಬೇಕು,
ಈ ಹಿಮದಲ್ಲಿ ಯಾರ ಚೀಲ ಹರಿಯುತ್ತದೆ?

ತಗಡಿನ ಬಾಗಿಲು ಕಿರುಗುಟ್ಟಿತು.
ಶಾಲೆಯ ಹುಡುಗಿ, ಒಂದು ಬೂಟು ಕಾಲಲ್ಲಿ, ಒಂದು ಕೈಯಲ್ಲಿ,
ಒಂಟಿಗಾಲಲ್ಲಿ ಕುಪ್ಪಳಿಸುತ್ತಾ ಒಳಗೆ ಬಂದು
ಬಾಯಿಬಿಟ್ಟ ಜಿಪ್ಪನ್ನು ಮೇಜಿನ ಮೇಲಿಟ್ಟಳು.

ಹದಿನಾಲ್ಕು.